ಟಿಟ್ಟಿಭದ ಮರಿಗಳು ಹುಲ್ಲುಗಾವಲು ನೋಡಲು ಹೋದದ್ದು

ಕೇಳಿ ಮಕ್ಕಳೇ, ಊರಾಚೆ ಒಂದು ಕಲ್ಲುಬಯಲಿತ್ತು. ಎಂಥ ಕಲ್ಲು ಅಂತೀರಿ! ಒಂದು ಎತ್ತು ನಡೆದುಹೋದರೆ ಕರಕರ ಸದ್ದಿಗೆ ಮೂರು ಊರಿನ ಜನ ಎದ್ದು ಕೂರುತ್ತಿದ್ದರು. ಬಯಲ ನಡುವೆ ಪುಟ್ಟ ಹೊಂಡ. ಹೊಂಡದ ಪಕ್ಕದಲ್ಲಿ ಟಿಟ್ಟಿಭ ಹಕ್ಕಿ ಗುರವ್ವ, ಅವಳ ಗಂಡ ದುಂಡಪ್ಪ, ಇನ್ನೂ ಹಾರಲು ಬಾರದ ಮೂರು ಮರಿಗಳು.

ಟಿಟ್ಟಿಭಕ್ಕೆ ಗೂಡಿಲ್ಲ, ಬರಿ ನೆಲವೇ ಮನೆ. ಮರಿಗಳ ಮೈಯೂ ಹರಳುಗಲ್ಲಿನ ಬಣ್ಣವೇ. ಹದ್ದಿನ ನೆರಳು ಕಂಡರೆ ದೊಡ್ಡವರು "ಕಲ್ಲಾಗಿ!" ಎಂದು ಕೂಗುತ್ತಾರೆ. ಮರಿಗಳು ಇದ್ದಲ್ಲೇ ಕುಕ್ಕರಿಸಿ ಕಣ್ಣು ಮುಚ್ಚುತ್ತವೆ. ಆಮೇಲೆ ಹೆತ್ತವಳು ಹುಡುಕಿದರೂ ಸಿಗುವುದಿಲ್ಲ. ಒಮ್ಮೆ ಒಂದು ನರಿ ಸಣ್ಣ ಮರಿಯ ಬೆನ್ನ ಮೇಲೇ ಕೂತು, ಕಿವಿ ಕೆರೆದುಕೊಂಡು, ಆಕಳಿಸಿ ಎದ್ದುಹೋಯಿತು. ಅದಕ್ಕೆ ಗೊತ್ತೇ ಆಗಲಿಲ್ಲ!

ಗುರವ್ವ ದಿನಾ ಬೆಳಿಗ್ಗೆ ಮರಿಗಳನ್ನು ಸುತ್ತಾಡಿಸುತ್ತಿದ್ದಳು. ದನದ ಗೊರಸಿನ ಗುಳಿಯಲ್ಲಿ ನಿಂತ ನೀರು, ಆ ನೀರಲ್ಲಿ ಕುಣಿಯುವ ಹುಳ, ತುಂಬೆ ಹೂವಿಗೆ ತಲೆ ತೂರಿಸಿದ ಜೇನು. ಮರಿಗಳು ಬಾಯಿ ಬಿಟ್ಟು ನೋಡುತ್ತಿದ್ದವು.

ದುಂಡಪ್ಪ ಒಂದು ದಿನವೂ ಜೊತೆಗೆ ಹೋದವನಲ್ಲ. "ಅದೇ ಕಲ್ಲು, ಅದೇ ಹುಳ. ಏನಿದೆ ನೋಡೋಕೆ?" ಎನ್ನುತ್ತಿದ್ದ.

ಒಂದು ಸಂಜೆ ಹೊಂಡಕ್ಕೆ ಬಂದ ಬೆಳ್ಳಕ್ಕಿ ಕತ್ತು ಉದ್ದ ಮಾಡಿ ಹೇಳಿತು: "ದುಂಡಪ್ಪಣ್ಣ, ನಮ್ಮ ಮಕ್ಕಳು ಗುಡ್ಡದಾಚೆಯ ಹುಲ್ಲುಗಾವಲು ನೋಡಿಬಂದವು. ಹಸಿರು ಅಂದರೆ ಹಸಿರು! ನಿಮ್ಮವಕ್ಕೆ ಈ ಕಲ್ಲೇ ಗತಿಯಾ?"

ದುಂಡಪ್ಪನಿಗೆ ಮೆಣಸಿನಕಾಯಿ ಕಚ್ಚಿದಂತಾಯಿತು. "ನಾಳೆಯೇ ಕರಕೊಂಡು ಹೋಗ್ತೀನಿ!"

"ಹೋಗೋದು ಬೇಡ," ಅಂದಳು ಗುರವ್ವ. "ಬೆಳ್ಳಕ್ಕಿ ಮಕ್ಕಳಿಗೆ ರೆಕ್ಕೆ ಬಲಿತಿದೆ. ನಮ್ಮವು ಇನ್ನೂ ಕಾಲಲ್ಲಿ ತಡವರಿಸ್ತಿವೆ. ನಿಮ್ಮ ಕಾಲಬುಡದಲ್ಲಿ ಏನಿದೆ ಅಂತ ಮೊದಲು ನೋಡಿ."

"ನೀನು ಕಲ್ಲಲ್ಲಿ ಹುಟ್ಟಿ ಕಲ್ಲಲ್ಲೇ ಸಾಯೋಳು. ನನ್ನ ಮಕ್ಕಳು ಹಾಗಾಗಬಾರದು."

ಗುರವ್ವನ ನೆತ್ತಿಯ ಗರಿ ನಿಮಿರಿ ನಿಂತಿತು. ಮರಿಗಳು ಮಲಗಿದ್ದವಲ್ಲ, ಜಗಳಕ್ಕಿಳಿಯದೆ ಅವುಗಳ ಮೇಲೆ ರೆಕ್ಕೆ ಹರಡಿ ಕೂತಳು.

ಮರುದಿನ ಬೆಳಿಗ್ಗೆ ಮೇವಿಗೆ ಹೋಗಿದ್ದವಳು ಬಿಸಿಲೇರಿದಾಗ ಮರಳಿ ಎಂದಿನಂತೆ ಹೊಂಡಕ್ಕಿಳಿದಳು. ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಮರಿಗಳ ಮೇಲೆ ಕೂತು ತಂಪು ಮಾಡುವುದು ಅವಳ ಪದ್ಧತಿ. ತೊಟ್ಟಿಕ್ಕುವ ಹೊಟ್ಟೆ ಹೊತ್ತು ಬಂದರೆ ಮರಿಗಳೇ ಇಲ್ಲ. "ಕಲ್ಲಾಗಿದ್ದು ಸಾಕು, ಏಳ್ರೋ!" ಎಂದು ಕೂಗಿದಳು. ಒಂದು ಹರಳೂ ಮಿಸುಕಲಿಲ್ಲ.

ಬೆಳ್ಳಕ್ಕಿ ನಕ್ಕಿತು. "ಯಜಮಾನ್ರು ಗುಡ್ಡದ ಕಡೆ ಕರಕೊಂಡು ಹೋದರಲ್ಲಕ್ಕ!"

"ಕಡ್ಡಿ ಗೀರಿದವಳು ನೀನೇ ಅಲ್ವೇನೇ! ನನ್ನ ಮಕ್ಕಳಿಗೆ ಏನಾದರೂ ಆಗಲಿ, ನಿನ್ನ ಬಿಳಿ ಗರಿ ಒಂದೊಂದಾಗಿ ಕಿತ್ತು ಹೊಂಡಕ್ಕೆ ಹಾಸ್ತೀನಿ!" ಎಂದವಳೇ ಗುರವ್ವ ಹಾರಿದಳು. ಅವಳು ಹಾರಿದ ರಭಸಕ್ಕೆ ಹೊಂಡದ ನೀರೆಲ್ಲ ದಡಕ್ಕೆ ಬಂದು ಬಿತ್ತು.

ಗುಡ್ಡ ದಾಟಿದಳು. ಕೆಳಗೆ ಹುಲ್ಲು, ಹಸಿರು ಸೀರೆ ಹಾಸಿದ ಹಾಗೆ. ಸೀರೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಮೂರು ಕಂದು ಚುಕ್ಕೆ. ಅಷ್ಟು ದೂರದಿಂದಲೂ ಎದ್ದು ಕಾಣುತ್ತಿದ್ದವು ಅವಳ ಮರಿಗಳು!

ಅವಳಿಗೆ ಕಂಡದ್ದು ಹದ್ದಿಗೂ ಕಂಡಿತ್ತು. ರೆಕ್ಕೆ ಬಿಚ್ಚಿದರೆ ಒಂದು ಕಣದ ಜೋಳಕ್ಕೆಲ್ಲ ನೆರಳಾಗುವಂಥ ಹದ್ದು ಅದು.

"ಕಲ್ಲಾಗಿ!" ದುಂಡಪ್ಪ ಕೂಗಿದ. ಮರಿಗಳು ಹುಲ್ಲಿನ ಮೇಲೆ ಕುಕ್ಕರಿಸಿ ಕಣ್ಣು ಮುಚ್ಚಿದವು. "ಮಿಸುಕಬೇಡಿ! ಯಾರಿಗೂ ಕಾಣಲ್ಲ!"

"ಎಲ್ಲರಿಗೂ ಕಾಣ್ತಿದೆಯಲ್ಲೋ ಮಂಕೇ! ಇಲ್ಲಿ ಒಂದು ಕಲ್ಲಾದರೂ ಇದೆಯೇನೋ?" ಗಂಡನಿಗೆ ಯಾವಾಗಲೂ 'ನೀವು' ಅನ್ನುತ್ತಿದ್ದವಳ ಬಾಯಲ್ಲಿ ಅಂದು ಈ 'ಲೋ' ಬಂತು. "ಏಳ್ರೋ ಮಕ್ಕಳೇ, ಪೊದೆಗೆ ಓಡ್ರೋ!"

ಕಲ್ಲಾಗು ಎಂದಾಗ ಕಲ್ಲಾಗಬೇಕು, ಹದ್ದು ಹೋಗುವ ತನಕ ಯಾರು ಕರೆದರೂ ಏಳಬಾರದು ಎಂದು ಕಲಿಸಿದವಳು ಅವಳೇ. ಪಾಪ, ಮರಿಗಳು ಕಲಿತದ್ದನ್ನೇ ಮಾಡಿದವು. ಅಲುಗಲಿಲ್ಲ.

ಹದ್ದು ಎರಗಿತು. ಸಣ್ಣ ಮರಿಯನ್ನು ಕಾಲಿನಿಂದ ಎತ್ತಿಯೇಬಿಟ್ಟಿತು. ಗುರವ್ವ ಬಾಣದಂತೆ ಬಂದು ಅದರ ಕಣ್ಣಿಗೆ ಕುಕ್ಕಿದಳು. ಮತ್ತೆ ಕುಕ್ಕಿದಳು. ಬೆಪ್ಪಾಗಿ ನಿಂತಿದ್ದ ದುಂಡಪ್ಪನೂ ಆಗ ಎಚ್ಚೆತ್ತು ಹದ್ದಿನ ಮುಖಕ್ಕೇ ಹಾರಿದ. ಹದ್ದಿನ ಹಿಡಿತ ಸಡಿಲಿತು, ಮರಿ ಹುಲ್ಲಿನ ಮೇಲೆ ಬಿತ್ತು. ಹದ್ದು ಒಂದೇ ಕಣ್ಣು ಬಿಟ್ಟುಕೊಂಡು ಓಟ ಕಿತ್ತಿತು.

ಮರಿ ಬದುಕಿತ್ತು. ಆದರೆ ಒಂದು ಕಾಲು ಮುರಿದಿತ್ತು.

"ನಾನು... ಮಕ್ಕಳಿಗೆ ಚೆಂದ ತೋರಿಸೋಣ ಅಂತ..." ದುಂಡಪ್ಪ ತೊದಲಿದ.

"ಮಕ್ಕಳಿಗಲ್ಲ, ಬೆಳ್ಳಕ್ಕಿಗೆ ತೋರಿಸೋಕೆ ಹೋದೆ ನೀನು. ನಮ್ಮ ಬಯಲನ್ನ ಒಂದು ದಿನ ಇವುಗಳ ಜೊತೆ ಸುತ್ತಿದ್ದರೆ, ಇವು ಯಾವ ನೆಲದಲ್ಲಿ ಬದುಕುತ್ತವೆ ಅಂತ ನಿನಗೆ ತಿಳೀತಿತ್ತು. ಬಾಯಿ ಮುಚ್ಚಿ ನಡಿ!"

ಕುಂಟುವ ಮರಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಪೊದೆಯಿಂದ ಪೊದೆಗೆ ಅಡಗುತ್ತ ಮನೆ ಸೇರುವಷ್ಟರಲ್ಲಿ ಹೊತ್ತು ಮುಳುಗಿತು.

ಮಾರನೆಯ ಬೆಳಿಗ್ಗೆ ಗುರವ್ವ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಸಣ್ಣ ಮರಿ ಮಾತ್ರ ಕುಂಟುತ್ತ ಬಂದು ಅಪ್ಪನ ರೆಕ್ಕೆ ಎಳೆಯಿತು. ಮರಳಲ್ಲಿ ಬಟ್ಟಲಿನಂಥ ಗುಳಿ, ಗುಳಿಯ ತಳದಲ್ಲಿ ಅಡಗಿ ಕೂತ ಒಂದು ಹುಳ. ಜಾರಿಬಿದ್ದ ಇರುವೆಯ ಮೇಲೆ ಅದು ಮರಳು ಎರಚುತ್ತಿತ್ತು.

"ಅಪ್ಪಾ, ಇದು ಯಾಕೆ ಹೀಗೆ ಮಾಡ್ತದೆ?"

ದುಂಡಪ್ಪ ಗುಳಿಯೊಳಗೆ ಕತ್ತು ಬಗ್ಗಿಸಿ ನೋಡಿದ. ಹುಟ್ಟಿದಾಗಿನಿಂದ ಅದೇ ನೆಲ ತುಳಿದವನು, ಇದನ್ನು ಕಂಡೇ ಇರಲಿಲ್ಲ!

"ಗೊತ್ತಿಲ್ಲ ಮಗಾ," ಅಂದ. ಅಂದು, ಮರಿಯ ಪಕ್ಕದಲ್ಲಿ ಮೊದಲ ಸಲ ಕಾಲು ಮಡಚಿ ಕೂತ.

ನೀತಿ: ಪಕ್ಕದ ಮನೆಯವರ ಮುಂದೆ ಮೆರೆಯಲು ಮಕ್ಕಳನ್ನು ದೂರ ಎಳೆದುಕೊಂಡು ಹೋಗಬೇಡಿ, ಮನೆಯ ಮುಂದಿನ ನೆಲವನ್ನು ಮೊದಲು ಅವರ ಜೊತೆ ಕೂತು ನೋಡಿ.