ಸೆರಗಿನಲ್ಲಿ ಉಳಿದ ಸೂಜಿ

ಮಲಪ್ರಭೆಯ ದಂಡೆಯ ಮೇಲೆ, ಹೊಳೆ ಮೈಮುರಿದು ತಿರುಗುವ ಕಡೆ, ಅಡಿವೆವ್ವ ತಾಯಿಯವರ ಆಶ್ರಮವಿತ್ತು. ಆಶ್ರಮವೆಂದರೆ ಏನು, ಎರಡು ಮಣ್ಣಿನ ಕೋಣೆ, ಒಂದು ಬೇವಿನ ಮರ, ಮರದ ಬುಡದಲ್ಲಿ ಒಂದು ಲಿಂಗ. ಶಿವನಿಗೆ ಅಷ್ಟು ಸಾಕಾಗಿತ್ತು. ತಾಯಿಗೂ ಸಾಕಾಗಿತ್ತು.

ಅಲ್ಲಿಗೆ ಬಂದ ಹೆಣ್ಣುಮಕ್ಕಳಿಗೆ ತಾಯಿ ಮೊದಲೇ ಮಂತ್ರ ಹೇಳುತ್ತಿರಲಿಲ್ಲ. ಅರಿವೆ ಕೊಟ್ಟು ಕಸೂತಿಗೆ ಕೂಡಿಸುತ್ತಿದ್ದರು. ಬರುವವಳು ತನ್ನ ಸೂಜಿ ತಾನೇ ತರಬೇಕು, ಅಲ್ಲಿಯ ನೇಮ ಅದೊಂದೇ. ದೀಕ್ಷೆಯ ದಿನ ಆ ಸೂಜಿಯನ್ನು ಲಿಂಗದ ಮುಂದೆ ಇಡಬೇಕು. ತಾಯಿ ಅದಕ್ಕೆ ದಾರ ಪೋಣಿಸಿ ತಿರುಗಿ ಅವಳ ಕೈಗೆ ಕೊಡಬೇಕು. ಅಷ್ಟಾದರೆ ದೀಕ್ಷೆಯಾದಂತೆ.

ಸುಗ್ಗಿ ಮುಗಿದ ದಿನಗಳಲ್ಲಿ ನಿಂಬೆವ್ವ ಹೊಳೆ ದಾಟಿ ಬಂದಳು. ವಯಸ್ಸು ಇನ್ನೂ ಎಳೆಯದು, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಸೂಜಿ ತಂದಿಯೇನವಾ?" ತಾಯಿ ಕೇಳಿದರು.

"ಕಳದು ಹೋಗೇತ್ರಿ ತಾಯಿ."

"ಎಲ್ಲಿ?"

"ದಾರ್ಯಾಗ."

ತಾಯಿ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಹಿರಿಯ ಶಿಷ್ಯೆ ದಾನವ್ವನ ಕಡೆ ತಿರುಗಿ, ಈಕೆಯದು ಸಿಗುವ ತನಕ ನಿಂದೊಂದು ಕೊಟ್ಟಿರು ಎಂದರು.

ಸೂಜಿ ಕಳೆದಿರಲಿಲ್ಲ. ಅದು ಎಲ್ಲಿದೆ ಎಂಬುದು ನಿಂಬೆವ್ವನಿಗೆ ಚೆನ್ನಾಗಿ ಗೊತ್ತಿತ್ತು. ಆಚೆ ದಂಡೆಯ ಊರಲ್ಲಿ, ಅಕ್ಕ ಬಾಳವ್ವನ ಮನೆಯಲ್ಲಿ, ಕರಿಯ ಚಂದ್ರಕಾಳಿ ಸೀರೆಯೊಂದರ ಸೆರಗಿಗೆ ಚುಚ್ಚಿಕೊಂಡಿತ್ತು.

ಅವ್ವ ಸತ್ತ ಮೇಲೆ ನಿಂಬೆವ್ವನನ್ನು ಬೆಳೆಸಿದವಳು ಬಾಳವ್ವ. ಸೂಜಿ ಹಿಡಿಯಲು ಕಲಿಸಿದವಳೂ ಅವಳೇ. ಆ ಅಕ್ಕ ಬಸುರಿಯಾದಾಗ, ಕುಬಸದ ದಿನ ಸೀಮಂತಕ್ಕೆ ಉಟ್ಟುಕೊಳ್ಳಲಿ ಎಂದು ನಿಂಬೆವ್ವ ಆ ಸೆರಗಿಗೆ ಗೋಪುರಗಳ ಸಾಲು ಹಾಕತೊಡಗಿದ್ದಳು. ಗವಂತಿಯ ಕೆಲಸ. ಗವಂತಿಯೆಂದರೆ ದಾರ ಒಂದು ಸಲ ಹೋಗಬೇಕು, ಒಂದು ಸಲ ಬರಬೇಕು. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದರ ಜಾಗ ಬಿಡುತ್ತ ಹೋಗುವುದು. ತುದಿ ಮುಟ್ಟಿ ಹೊರಳಿ, ಬಿಟ್ಟಲ್ಲೆಲ್ಲ ತುಂಬುತ್ತ, ಹೊರಟಲ್ಲಿಗೇ ಬಂದು ಸೇರುವುದು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಸರಿಯಾಗಿ ಹಾಕಿದ ಗವಂತಿಗೆ ಮುಂದು ಹಿಂದು ಎಂಬುದಿಲ್ಲ, ಎರಡೂ ಮಗ್ಗುಲು ಒಂದೇ.

ನಿಂಬೆವ್ವನ ದಾರ ತುದಿ ಮುಟ್ಟಿ, ಇನ್ನು ಹೊರಳಿ ಬರಬೇಕಾದ ದಿನ ನೆರೆಯವರು ಕೂತಿದ್ದರು. ಅಕ್ಕ ಸೆರಗು ಮಗುಚಿ ನೋಡಿ, ನಮ್ಮ ನಿಂಬಿಯ ಕೈ ಇಲ್ಲಿದೆ, ಮನಸ್ಸು ಎಲ್ಲೋ ಓಡಿಹೋಗಿದೆ ಎಂದು ನಕ್ಕಳು. ನೆರೆಯವರೂ ನಕ್ಕರು. ನಿಂಬೆವ್ವ ಸೂಜಿಯನ್ನು ಇದ್ದಲ್ಲೇ ಚುಚ್ಚಿ ಎದ್ದಳು. ಓಡಿಹೋಗಿದೆ ಅಂದಿಯಲ್ಲ, ನೋಡು ಹಾಗಾದರೆ, ಎಂದುಕೊಂಡು ಹೊಳೆಯ ಹಾದಿ ಹಿಡಿದಳು. ನಡೆಯುತ್ತ ನಡೆಯುತ್ತ ಸಿಟ್ಟು ಭಕ್ತಿಯಾಯಿತು. ಆಗುತ್ತದೆ. ಶಿವ ಯಾವ ಬಾಗಿಲಿಂದ ಕರೆದರೂ ಕರೆದದ್ದೇ.

ಆಶ್ರಮದಲ್ಲಿ ಅವಳಿಗೆ ಇದ್ದದ್ದು ಒಂದೇ ಆಸೆ, ದೀಕ್ಷೆ. ದೀಕ್ಷೆಯಾದರೆ ತಾನು ಯಾರ ತಂಗಿಯೂ ಅಲ್ಲ, ಯಾರ ನಗೆಯೂ ತನ್ನನ್ನು ಮುಟ್ಟುವುದಿಲ್ಲ. ಹಾಗೆಂದು ನಂಬಿದ್ದಳು.

ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ಧ್ಯಾನಕ್ಕೆ ಕೂತರೆ ಮಾತ್ರ ಹೊಳೆಯಲ್ಲಿ ಹರಗೋಲಿನ ಸಪ್ಪಳವಾದರೆ ಸಾಕು, ಕಣ್ಣು ತಾವೇ ತೆರೆದುಕೊಳ್ಳುತ್ತಿದ್ದವು. ಆಚೆ ದಂಡೆಯಿಂದ ಯಾರು ಬಂದರು? ಯಾರೂ ಅವಳಿಗಾಗಿ ಬಂದಿರುತ್ತಿರಲಿಲ್ಲ. ಕಣ್ಣು ಮುಚ್ಚುತ್ತಿದ್ದಳು. ಮತ್ತೆ ಸಪ್ಪಳ.

ಒಂದು ಮುಂಜಾನೆ ತಾಯಿಯ ಕಾಲ ಬಳಿ ಕೂತು ಕೇಳಿಯೇಬಿಟ್ಟಳು.

"ನನಗ ದೀಕ್ಷಾ ಯಾವಾಗರಿ ತಾಯಿ?"

ತಾಯಿ ಗೂಟದಿಂದ ಒಂದು ಕುಂಚಿ ತೆಗೆದು ಅವಳ ಮಡಿಲಿಗೆ ಹಾಕಿದರು. ಹಸುಗೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಪುಟ್ಟ ಟೊಪ್ಪಿಗೆ, ಅಸ್ತರಿಲ್ಲದ ಒಂಟಿ ಅರಿವೆಯದು.

"ಅಂಬಿಗರ ತುಳಸವ್ವನ ಕೂಸಿಗೆ ಇದು. ಹಣಿ ಮ್ಯಾಲಿನ ಅಂಚಿಗೆ ಗವಂತಿ ಹಾಕು. ಮುಗದ ಮ್ಯಾಲ ಮಾತಾಡೂನು."

ನಿಂಬೆವ್ವ ಅಂದೇ ಬೇವಿನ ನೆರಳಿಗೆ ಕೂತಳು. ಎಳೆ ಎಣಿಸಿದಳು, ಕೆಂಪು ದಾರ ತೆಗೆದಳು. ಆದರೆ ಒಂದು ಹಾಕಿ ಒಂದು ಬಿಡುವಾಗ ಕೈ ತಡೆಯಿತು. ಬಿಟ್ಟ ಜಾಗ ಕಂಡರೆ ಎದೆಯಲ್ಲಿ ಏನೋ ಚುಚ್ಚಿದಂತಾಗುತ್ತಿತ್ತು. ಬಿಡುವುದೇಕೆ, ಮತ್ತೆ ಬರುವುದೇಕೆ? ಸೂಜಿಯನ್ನು ಎರಡು ಹೆಜ್ಜೆ ಮುಂದೆ ತೆಗೆದು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿದಳು. ಮತ್ತೆ ಮುಂದೆ, ಮತ್ತೆ ಹಿಂದಕ್ಕೆ. ಸಾಲು ತುಂಬುತ್ತಲೇ ಹೋಯಿತು. ತುದಿಯಿಂದ ತಿರುಗಿ ಬರುವ ಕೆಲಸವೇ ಇಲ್ಲ.

ದಾನವ್ವ ಹೆಸರುಕಾಳು ಆರಿಸುತ್ತ ಇದನ್ನೇ ನೋಡುತ್ತಿದ್ದಳು.

"ನಿನ್ನ ಸೂಜಿಗೆ ಯಾವ ನಾಯಿ ಬೆನ್ನ ಹತ್ತೇತವಾ? ಹಿಂಗ ಓಡಾಕತ್ತೇತಿ."

"ಸೂಜಿ ನಂದಲ್ಲ ದಾನಕ್ಕ. ನಿಂದು."

"ನನ್ನ ಕೈಯಾಗ ಅದು ಎಂದೂ ಓಡಿಲ್ಲ" ಎಂದು ದಾನವ್ವ ಕಾಳಿನ ಕಡೆ ಬಾಗಿದಳು.

ಬಿಸಿಲು ಇಳಿಯುವಷ್ಟರಲ್ಲಿ ಕೆಲಸ ಮುಗಿಯಿತು. ಮುಂದಿನ ಮಗ್ಗುಲು ನೋಡಲು ಅಡ್ಡಿಯಿರಲಿಲ್ಲ, ಗೋಪುರಗಳು ನೆಟ್ಟಗೆ ನಿಂತಿದ್ದವು. ಹಿಂದಿನ ಮಗ್ಗುಲಲ್ಲಿ ದಾರದ ಮೇಲೆ ದಾರ ಬಿದ್ದು ಹಗ್ಗದಂತೆ ಉಬ್ಬಿತ್ತು. ತುದಿಯಲ್ಲಿ ದಾರ ನಿಲ್ಲಲಿಲ್ಲವೆಂದು ಗಂಟು ಹಾಕಿದಳು. ಅದು ಒಳಮಗ್ಗುಲು, ಯಾರು ನೋಡುತ್ತಾರೆ ಎಂದುಕೊಂಡಳು.

ಮರುದಿನ ತುಳಸವ್ವ ಕೂಸನ್ನು ಎತ್ತಿಕೊಂಡು ಬಂದಳು. ನಿಂಬೆವ್ವ ಕುಂಚಿಯನ್ನು ತಾಯಿಯ ಮುಂದೆ ಇಟ್ಟಳು. ತಾಯಿ ಅದನ್ನು ಮಗುಚಿ ನೋಡಲಿಲ್ಲ. ಕೈಯಿಂದ ಮುಟ್ಟಲೂ ಇಲ್ಲ.

"ನೀನ ತೊಡಸು" ಎಂದರು.

ನಿಂಬೆವ್ವನ ಕೈ ಹಿಂದೆ ಸರಿಯಿತು. ತುಳಸವ್ವ ಕೂಸನ್ನು ಮುಂದೆ ಹಿಡಿದು ನಗುತ್ತ ನಿಂತಿದ್ದಳು. ಬೇರೆ ದಾರಿಯಿರಲಿಲ್ಲ. ಕುಂಚಿ ಏರಿಸಿ ಗದ್ದದ ಕೆಳಗೆ ಲಾಡಿ ಕಟ್ಟಿದಳು.

ಕೂಸು ಮೊದಲು ಮುಖ ಕಿವುಚಿತು. ಆಮೇಲೆ ಅಳತೊಡಗಿತು. ಹಸಿವಾಗಿದೆ ಎಂದು ತುಳಸವ್ವ ಮೊಲೆಗೆ ಹಾಕಿದಳು, ಕೂಸು ಕುಡಿಯಲಿಲ್ಲ. ಹೆಗಲಿಗೆ ಹಾಕಿ ತಟ್ಟಿದಳು, ಅಳು ಏರಿತು. ತಾಯಿ ನೋಡುತ್ತಿದ್ದದ್ದು ಕೂಸನ್ನಲ್ಲ, ನಿಂಬೆವ್ವನನ್ನು.

ನಿಂಬೆವ್ವನಿಗೆ ತಡೆಯಲಾಗಲಿಲ್ಲ. ತಾನೇ ಹೋಗಿ ಲಾಡಿ ಬಿಚ್ಚಿ ಕುಂಚಿ ತೆಗೆದಳು. ಕೂಸು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು. ಅದರ ಹಣೆಯ ಮೇಲೆ ಕೆಂಪು ಬರೆ ಎದ್ದಿತ್ತು. ಬರೆಯ ಕೊನೆಗೆ, ಗಂಟು ಒತ್ತಿದಲ್ಲಿ, ಒಂದು ಸಣ್ಣ ಗುಣಿ.

"ಸೊಳ್ಳಿ ಕಡದಾವು ಕಾಣತೈತಿ" ಎಂದಳು ತುಳಸವ್ವ.

"ಸೊಳ್ಳಿ ಅಲ್ಲ ತುಳಸಕ್ಕ" ಎಂದಳು ನಿಂಬೆವ್ವ. "ನಾನು."

ಅಂದು ಅವಳು ಉಣ್ಣಲಿಲ್ಲ. ಹಾಕಿದ್ದನ್ನೆಲ್ಲ ಒಂದೊಂದೇ ಹೊಲಿಗೆ ಬಿಚ್ಚಿದಳು. ಅರಿವೆಯನ್ನು ಹೊಳೆಯಲ್ಲಿ ತೊಳೆದು ಒಣಗಿಸಿ ಮತ್ತೆ ಕೂತಳು. ಈ ಸಲ ಒಂದು ಹಾಕಿದಳು, ಒಂದು ಬಿಟ್ಟಳು. ಬಿಟ್ಟ ಜಾಗಗಳು ಹಲ್ಲು ಬಿದ್ದ ಬಾಯಿಯಂತೆ ಕಂಡವು. ಕಂಡರೆ ಕಾಣಲಿ ಎಂದು ಹಲ್ಲು ಕಚ್ಚಿ ತುದಿ ಮುಟ್ಟಿದಳು.

ತಿರುಗಿದ ಮೇಲೆ ನಿಜವಾದ ಸಂಕಟ ಶುರುವಾಯಿತು. ಹೋಗುವಾಗ ಎಲ್ಲ ಸರಿಯಿದೆ ಎನಿಸಿತ್ತು. ಬರುವಾಗ ಒಂದು ಕಡೆ ಹೊಲಿಗೆ ಒಂದು ಎಳೆ ಆಚೆ ಬಿದ್ದಿತ್ತು, ಮತ್ತೊಂದು ಕಡೆ ಗೋಪುರದ ಮೆಟ್ಟಿಲೇ ತಪ್ಪಿತ್ತು. ಅವಸರ ಮಾಡಿದ ಜಾಗವೆಲ್ಲ ಎದುರಿಗೆ ಬಂದು ನಿಲ್ಲುತ್ತಿತ್ತು. ತಪ್ಪಿದಲ್ಲಿ ಬಿಚ್ಚಬೇಕು, ಹಾಕಬೇಕು, ಮತ್ತೆ ತಿರುಗಬೇಕು. ಎದ್ದು ಹೋಗುತ್ತಿದ್ದಳು, ಹೊಳೆಯವರೆಗೆ ನಡೆಯುತ್ತಿದ್ದಳು, ಆಚೆ ದಂಡೆ ನೋಡಿ ತಿರುಗಿ ಬಂದು ಕೂರುತ್ತಿದ್ದಳು.

ಕೊನೆಗೆ ಅರಿವೆ ಹಿಡಿದುಕೊಂಡೇ ತಾಯಿಯ ಬಳಿ ಹೋದಳು.

"ದಾರ ಐತಿ, ಸೂಜಿ ಐತಿ, ಹಾದಿ ಐತಿ. ಹೋಗೂದು ಹಗುರಾತು. ಬರೂದು ಯಾಕ ಇಷ್ಟು ಕಷ್ಟರಿ ತಾಯಿ?"

ತಾಯಿ ಲಿಂಗಕ್ಕೆ ಪತ್ರಿ ಏರಿಸುತ್ತಿದ್ದರು. ತಿರುಗದೆಯೇ ಹೇಳಿದರು.

"ನೀ ಹೋಗೂವಾಗ ಅರಿವಿ ಖಾಲಿ ಇತ್ತು. ಬರೂವಾಗ ಅದರಾಗ ನೀ ಇರತಿ."

ನಿಂಬೆವ್ವ ನೆರಳಿಗೆ ಹೋಗಿ ಮತ್ತೆ ಸೂಜಿ ಹಿಡಿದಳು.

ಎಷ್ಟು ದಿನ ಹಿಡಿಯಿತೋ ಶಿವನಿಗೇ ಗೊತ್ತು. ಬೇವು ಹೂಬಿಟ್ಟಿತು, ಹೂವು ಉದುರಿತು. ದಾರ ಹೊರಟಲ್ಲಿಗೇ ಬಂದು ಸೇರಿದ ದಿನ, ದಾನವ್ವ ಕುಂಚಿಯನ್ನು ಕೈಗೆ ತೆಗೆದುಕೊಂಡು ಈ ಮಗ್ಗುಲು ಆ ಮಗ್ಗುಲು ಮಗುಚಿದಳು, ಬೆರಳು ಎಳೆದು ನೋಡಿದಳು. ಯಾವುದು ಒಳಗು ಯಾವುದು ಹೊರಗು ಹೇಳು ನೋಡೋಣ ಎಂದು ತನ್ನನ್ನೇ ತಾನು ಕೇಳಿಕೊಂಡಳು. ತುಳಸವ್ವ ಬಂದು ಕೂಸಿಗೆ ತೊಡಿಸಿದಳು. ಕೂಸು ಕುಂಚಿಯಲ್ಲೇ ನಿದ್ದೆಹೋಯಿತು.

"ನಾಳೆ ಮಿಂದು ಬಾ" ಎಂದರು ತಾಯಿ.

ನಿಂಬೆವ್ವ ಹೊಳೆಯಲ್ಲಿ ಮಿಂದು, ಒದ್ದೆ ಕೂದಲಲ್ಲೇ ಬಂದು ಲಿಂಗದ ಮುಂದೆ ಕೂತಳು. ವಿಭೂತಿ ಇತ್ತು, ಪತ್ರಿ ಇತ್ತು, ಮಡಿಕೆ ಮುರಿಯದ ಬಿಳಿ ಸೀರೆಯಿತ್ತು. ಇಷ್ಟು ದಿನ ಹಂಬಲಿಸಿದ್ದು ಕೈಯಳತೆಯಲ್ಲಿತ್ತು. ಕಿವಿ ಮಾತ್ರ ಹೊಳೆಯ ಕಡೆಗೇ ಇತ್ತು.

"ಸೂಜಿ ಇಡವಾ" ಎಂದರು ತಾಯಿ.

ಅವಳು ಕೈಯಲ್ಲಿದ್ದ ಸೂಜಿಯನ್ನು ಇಟ್ಟಳು.

"ಇದು ದಾನವ್ವಂದು."

"ನನಗ ಕೊಟ್ಟಬಿಡ್ಲಿರಿ. ಇಲ್ಲಂದ್ರ ಸಂತ್ಯಾಗ ಹೊಸಾದು ಸಿಗತೈತಿ."

"ಸಿಗತೈತಿ" ಎಂದರು ತಾಯಿ. ಸೂಜಿಯನ್ನು ಎತ್ತಿ ದಾನವ್ವನ ಕೈಗೆ ಕೊಟ್ಟರು. ಲಿಂಗದ ಮುಂದಿನ ಜಾಗ ಖಾಲಿಯಾಯಿತು.

ಆ ಖಾಲಿ ಜಾಗವನ್ನು ನಿಂಬೆವ್ವ ನೋಡಿದಳು. ಬಿಟ್ಟ ಜಾಗಗಳನ್ನೇ ತಿಂಗಳುಗಟ್ಟಲೆ ತುಂಬಿದ ಕಣ್ಣು ಅದು. ಬೇರೆ ಕಡೆ ತಿರುಗಿಸಲು ಆಗಲಿಲ್ಲ.

"ಅದು ಕಳದಿಲ್ಲರಿ ತಾಯಿ" ಎಂದಳು.

ಎಲ್ಲವನ್ನೂ ಹೇಳಿದಳು. ಕರಿಯ ಸೀರೆ, ಗೋಪುರಗಳ ಸಾಲು, ಅಕ್ಕನ ನಗೆ, ನೆರೆಯವರ ನಗೆ, ಸೆರಗಿನ ತುದಿಯಲ್ಲಿ ಚುಚ್ಚಿಟ್ಟ ಸೂಜಿ. ಮೊದಲ ದಿನವೇ ಲಿಂಗದ ಎದುರು ಸುಳ್ಳು ಹೇಳಿದೆ ಎಂದಳು. ಹೇಳುತ್ತ ಹೇಳುತ್ತ ಅಕ್ಕನ ನಗೆಯಲ್ಲಿ ವಿಷವೇನೂ ಇರಲಿಲ್ಲ ಎಂಬುದು ಅವಳಿಗೇ ಹೊಳೆಯಿತು. ಅಕ್ಕ ಹೇಳಿದ್ದು ನಿಜವಾಗಿತ್ತು, ಅಷ್ಟೇ.

"ಕುಬಸದಾಗ ಆಕಿ ಏನು ಉಟ್ಟಳು?" ತಾಯಿ ಕೇಳಿದರು.

"ಗೊತ್ತಿಲ್ಲರಿ."

"ಹಡದಾಳೇನು?"

"ಗೊತ್ತಿಲ್ಲರಿ ತಾಯಿ."

ಇಷ್ಟು ದಿನ ತನ್ನನ್ನು ಕೂರಗೊಡದೆ, ಹೊಳೆಯ ಸಪ್ಪಳಕ್ಕೆ ಕಣ್ಣು ತೆರೆಸುತ್ತಿದ್ದದ್ದು ಗೊತ್ತಿಲ್ಲ ಎಂಬ ಆ ಮಾತೇ ಎಂದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು. ನಿಂಬೆವ್ವ ಮುಖ ಮುಚ್ಚಿಕೊಂಡು ಅತ್ತಳು. ದಾನವ್ವ ಎದ್ದು ಅವಳ ಬೆನ್ನ ಮೇಲೆ ಕೈಯಿಟ್ಟಳು.

ತಾಯಿ ಬಿಳಿ ಸೀರೆಯನ್ನು ಪೆಟ್ಟಿಗೆಗೆ ಹಾಕಲಿಲ್ಲ. ಇದ್ದಲ್ಲೇ, ಲಿಂಗದ ಪಕ್ಕದಲ್ಲೇ ಬಿಟ್ಟರು. ಬಾಗಿಲಿಗೆ ಬಂದು ಹೊಳೆಯ ಕಡೆ ಕೈ ಮಾಡಿ ತುಳಸವ್ವನನ್ನು ಕೂಗಿದರು.

ಹರಗೋಲು ದಂಡೆಗೆ ಬಂತು. ನಿಂಬೆವ್ವ ನೀರಿಗೆ ಕಾಲಿಟ್ಟು ಮತ್ತೆ ತಿರುಗಿದಳು.

"ಅಕ್ಕ ಬಾಗಲಾ ತಗೀದಿದ್ರ?"

ಜೊತೆಗೆ ದಂಡೆಗೆ ಬಂದಿದ್ದ ತಾಯಿ ಅವಳ ಒದ್ದೆ ತಲೆಯ ಮೇಲೆ ಸೆರಗು ಎಳೆದರು.

"ಆಕಿ ಆ ಸೀರಿ ಮಡಚಿ ಒಗದಿದ್ರ? ಬ್ಯಾರೆ ಯಾರಾರ ಮುಗಿಸಿದ್ರ?"

ತುಳಸವ್ವ ಮಡಿಲಲ್ಲಿ ಮಲಗಿದ್ದ ಕೂಸನ್ನು ಒಂದು ಮಗ್ಗುಲಿಗೆ ಸರಿಸಿಕೊಂಡು ನಿಂಬೆವ್ವನಿಗೆ ಜಾಗ ಮಾಡಿದಳು. ನಿಂಬೆವ್ವ ಹತ್ತಿ ಕೂತಳು.

"ನನ್ನ ಸೂಜಿ ತಗೊಂಡು ಲಗೂನ ಬಂದಬಿಡತೀನ್ರಿ ತಾಯಿ" ಎಂದಳು. "ಹ್ವಾದಾಕಿ ಬಂದ್ನಿ ಅನ್ರಿ."

ಹರಗೋಲು ಅಲುಗಿತು. ತಾಯಿ ಬಾಗಿ, ಅದರ ಅಂಚನ್ನು ಒಂದು ಗಳಿಗೆ ಹಿಡಿದರು.

"ಕಿತಗೊಂಡು ಬರಬ್ಯಾಡ, ನಿಂಬೆವ್ವಾ. ದಾರ ಮುಗದ ಮ್ಯಾಲ ಸೂಜಿ ತಾನ ಕೈಗೆ ಬರತೈತಿ."