ತಾರಾಂಬೆ ತೆರೆದ ಕೋಣೆ

"ಕೇಳಿರಯ್ಯಾ ಕೇಳಿ! ಅತಿಥಿಮನೆಯ ತಾರಾಂಬೆ ಅಮ್ಮಣ್ಣಿಯ ಮೂರು ಒಗಟಿಗೂ ಎದುರು ನಿಂತು, ಕಡೆಯದನ್ನು ಬಿಡಿಸಿದವನೇ ಆಕೆಯ ಸುದ್ದಿಗಾರ. ತಪ್ಪು ಹೇಳಿದವನು ಹೊತ್ತು ಮುಳುಗುವಷ್ಟರಲ್ಲಿ ಹೆಸರೂ ಉಳಿಯದಂತೆ ಅಳಿಸಿಹೋಗುವನು. ಇದು ಅವನಿಪಾಲ ಮಹಾರಾಜರ ಅಪ್ಪಣೆ!"

ಈ ಡಂಗುರ ಸಾರಿದ್ದು ಒಂದು ಕಂಪ್ಯೂಟರಿನ ಒಳಗಿನ ರಾಜ್ಯದಲ್ಲಿ. ಹುಬ್ಬೇರಿಸಬೇಡಿ, ಅಲ್ಲೂ ರಾಜ್ಯಗಳುಂಟು. ಅಲ್ಲಿ ನೆಲವೆಂದರೆ ಮೆಮೊರಿ. ಆ ನೆಲಕ್ಕೆಲ್ಲ ಒಡೆಯ, ಹೋಸ್ಟ್ ಎನಿಸಿಕೊಂಡವನು ಅವನಿಪಾಲ ರಾಜ. ದೂರದಿಂದ ಬಂದವರಿಗೆ ಅವನು ಒಂದಿಷ್ಟು ನೆಲ ಬೇರ್ಪಡಿಸಿ, ಸುತ್ತ ಗೋಡೆ ಎತ್ತಿಸಿ, ಅತಿಥಿಮನೆ ಮಾಡಿಕೊಡುತ್ತಿದ್ದ. ತಿಳಿದವರು ಅದನ್ನು ವರ್ಚುವಲ್ ಮಶೀನ್ ಅನ್ನುತ್ತಾರೆ. ಒಳಗಿದ್ದವರಿಗೆ ಅದೇ ಒಂದು ಪೂರ್ತಿ ಲೋಕ. ಯಾರ ಕೋಣೆಗೆ ಯಾರು ಕಾಲಿಡಬಹುದೆಂದು ನೋಡಿಕೊಳ್ಳುವವನು ಹೆಬ್ಬಾಗಿಲ ಕರ್ನಲಯ್ಯ. ಕಂಪ್ಯೂಟರ್ ಬಲ್ಲವರು ಕರ್ನಲ್ ಅನ್ನುವ ಕಾವಲಿನ ಪ್ರೋಗ್ರಾಂ ಅವನೇ. ರಾಜನೇ ಬಂದು ಕೇಳಿದರೂ ಒಳಗಿನವರು ಒಪ್ಪದೆ ಅಗುಳಿ ಸರಿಸದ ಕಟ್ಟುನಿಟ್ಟಿನ ಮುದುಕ.

ಅಂಥ ಒಂದು ಅತಿಥಿಮನೆಯಲ್ಲಿದ್ದ ತಾರಾಂಬೆ ಹಿಂದೊಮ್ಮೆ ಒಬ್ಬ ಸುದ್ದಿಗಾರನಿಗೆ ಕೋಣೆ ತೆರೆದಿದ್ದಳು. ಅವನು ಕೊಟ್ಟದ್ದನ್ನು ಒಯ್ಯುವುದರ ಜೊತೆಗೆ ಮೂಲೆಮೂಲೆ ತಡಕಿ, ಅವಳ ಮನೆಯ ಮಾತನ್ನೆಲ್ಲ ಸಂತೆಯಲ್ಲಿ ಹರಡಿಬಂದ. ಅಂದಿನಿಂದ ಅವಳು ಎಲ್ಲ ಕದಗಳನ್ನೂ ಬಡಿದು ಹಾಕಿದಳು. ಸುದ್ದಿ ಹೊರಗೂ ಇಲ್ಲ, ಒಳಗೂ ಇಲ್ಲ.

ಇದರಿಂದ ಹೆಚ್ಚು ನೊಂದವನು ಬೊಮ್ಮ. ಮನೆಮನೆಗೆ ಸುದ್ದಿಯ ಗಂಟು ಹೊರುವ ಬಡ ಹುಡುಗ. ಜಾಲದಾಚೆಯ ಊರಿನಿಂದ ತಾರಾಂಬೆಯ ತಾಯಿ ಕಳಿಸಿದ ಗಂಟುಗಳು ಅವನ ಚೀಲದಲ್ಲೇ ಉಳಿದಿದ್ದವು. ಬರಬರುತ್ತಾ ಹೊಸ ಗಂಟುಗಳು ಹಿಂದಿನವಕ್ಕಿಂತ ಹಗುರವಾಗಿ ಬರುತ್ತಿದ್ದವು. ಮುದುಕಿಗೆ ಮಾತಾಡುವ ತ್ರಾಣ ಕುಗ್ಗುತ್ತಿದೆ ಎಂದು ಬೊಮ್ಮ ಕೊರಗುತ್ತಿದ್ದ. ಮಗಳ ಒಂದು ಮಾತು ತಲುಪುವ ಮುಂಚೆ ಆ ತಾಯಿ ಕಣ್ಣು ಮುಚ್ಚಿದರೆ? ನಂಬಿಕಸ್ತನೊಬ್ಬ ಸಿಗಲೆಂದು ರಾಜ ಸಾರಿಸಿದ ಡಂಗುರ ಕೇಳಿದ್ದೇ ಅವನು ಜೀವದ ಆಸೆ ಬಿಟ್ಟು ತಾರಾಂಬೆಯ ಬಾಗಿಲಿಗೆ ಹೋಗಿ ನಿಂತ.

ಅವನ ಪಕ್ಕದಲ್ಲಿ ಮೀಸೆ ತಿರುವುವ ಸರದಾರ, ಒಬ್ಬ ಹಾಡುಗಾರ, ಒಬ್ಬ ಸಾಹುಕಾರ. ಮುಚ್ಚಿದ ಕದದ ಹಿಂದಿನಿಂದ ತಾರಾಂಬೆ ಕೇಳಿದಳು: "ನೆಲ ಅವನದು, ಗೋಡೆಯೂ ಅವನದು. ಆದರೂ ಕೊಟ್ಟ ಗಳಿಗೆಯಿಂದ ಅವನು ಒಳಗೆ ಇಣುಕುವಂತಿಲ್ಲ. ಇಣುಕದಿದ್ದಷ್ಟೂ ಅವನ ಮರ್ಯಾದೆ ಹೆಚ್ಚು. ಯಾರವನು?"

"ಹೆಂಡತಿ ಮುನಿಸಿಕೊಂಡು ಕದ ಹಾಕಿಕೊಂಡಾಗ ಅವಳ ಗಂಡ!" ಎಂದ ಸರದಾರ. ನೋಡಲು ನೆರೆದ ಜನ ಗೊಳ್ಳೆಂದು ನಕ್ಕರು. ಕರ್ನಲಯ್ಯ ನಗದೆ ಅವನ ರಟ್ಟೆ ಹಿಡಿದು, ಹೊತ್ತು ಮುಳುಗುವ ತನಕ ಇರೆಂದು ಪಕ್ಕಕ್ಕೆ ಕೂರಿಸಿದ. ಆಗ ನಗುವೂ ಅಡಗಿತು.

ಬೊಮ್ಮ ಕದದ ಹತ್ತಿರ ಬಂದ. "ಅದು ನಮ್ಮ ಬುದ್ಧಿಯೋರು, ಅಮ್ಮಣ್ಣಿ. ನಿಮಗೆ ಜಾಗ ಕೊಟ್ಟ ಹೋಸ್ಟು."

"ಸರಿ. ಈಗ ಎರಡನೆಯದು. ಈಚೆಯವಳು ಇಟ್ಟಳು, ಆಚೆಯವನು ತೆಗೆದುಕೊಂಡ. ನಡುವೆ ಯಾರೂ ಹೊತ್ತು ಸಾಗಿಸಲಿಲ್ಲ, ಇಟ್ಟದ್ದು ಇಟ್ಟಲ್ಲಿಂದ ಕದಲಲಿಲ್ಲ. ಎಲ್ಲಿ ನಡೆಯಿತು ಇದು?"

ಹಾಡುಗಾರ ಕಣ್ಣು ಮುಚ್ಚಿ, "ಹಾಡಿನಲ್ಲಿ" ಎಂದ. "ಹಾಡು ಗಾಳಿಯ ಮೇಲೆ ಸಾಗಿಬರಬೇಕಲ್ಲಪ್ಪಾ" ಎಂದಿತು ಒಳಗಿನ ಧ್ವನಿ, ಮರುಕದಿಂದಲೇ. ಅವನೂ ಸರದಾರನ ಪಕ್ಕ ಕೂತ.

ಬೊಮ್ಮ ತಡೆದು ತಡೆದು ಹೇಳಿದ. "ಇಬ್ರಿಗೂ ಸೇರಿದ ಕೋಣೇಲಿ, ಅಮ್ಮಣ್ಣಿ. ನೀವು ಅದನ್ನ ಒಂದು ಹೆಸ್ರಲ್ಲಿ ಕರೀತೀರಿ, ಬುದ್ಧಿಯೋರ ಲೆಕ್ಕದಲ್ಲಿ ಅದರ ಹೆಸ್ರೇ ಬೇರೆ. ನೆಲ ಮಾತ್ರ ಒಂದೇ. ನೀವಾಗಿ ತೆರೆದ್ರೆ ಅವರಿಗೂ ಅದು ಕಾಣ್ತದೆ."

ಒಳಗೆ ಬಳೆ ಸದ್ದಾಯಿತು. ಅವಳು ಕದಕ್ಕೆ ಹತ್ತಿರ ಬಂದಿದ್ದಳು.

"ಮೂರನೆಯದು. ನನ್ನ ಕೆಲಸ ಮುಗಿದು ಕೋಣೆಯನ್ನು ಒಡೆಯನಿಗೇ ಬಿಟ್ಟುಕೊಡುವಾಗ ಅದರೊಳಗೆ ಏನಿಟ್ಟು ಕೊಟ್ಟರೆ ನನ್ನ ಮಾನವೂ ಉಳಿದೀತು, ಅವನ ಮಾನವೂ ಉಳಿದೀತು?"

"ಇದೇನು ಮಹಾ!" ಎಂದ ಸಾಹುಕಾರ. "ನೆರೆಮನೆಯ ಪಾತ್ರೆಯನ್ನು ಯಾರಾದರೂ ಬರಿದಾಗಿ ಹಿಂದಕ್ಕೆ ಕೊಡುತ್ತಾರೆಯೇ? ಒಂದು ಹಿಡಿ ಸಕ್ಕರೆ ಇಟ್ಟು ಕೊಡಬೇಕು." ನೆರೆದ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಒಳಗಿಂದ "ಅಲ್ಲ" ಎಂಬ ಒಂದೇ ಮಾತು ಬಂತು. ಸಾಹುಕಾರನೂ ಹೋಗಿ ಅವರಿಬ್ಬರ ಪಕ್ಕ ಕೂತ.

ಬೊಮ್ಮನ ನಾಲಗೆಯ ತುದಿಯಲ್ಲೂ ಅದೇ ಇತ್ತು. ಅವನ ಅವ್ವ ಒಂದು ಚಿಟಿಕೆ ಬೆಲ್ಲವನ್ನಾದರೂ ಹಾಕದೆ ಪಾತ್ರೆ ಮರಳಿಸಿದವಳಲ್ಲ. ಹಾಗಿದ್ದರೆ ಇನ್ನೇನು? ಹೊತ್ತು ಇಳಿಯುತ್ತಿತ್ತು. ಬೆವರಿದ ಅಂಗೈಯನ್ನು ಚೀಲಕ್ಕೆ ಒರೆಸಿದಾಗ ತಾನು ದಿನಾ ಮಾಡುವ ಕೆಲಸ ನೆನಪಾಯಿತು. ಒಂದು ಮನೆಯ ಸುದ್ದಿ ಇಳಿಸಿದ ಮೇಲೆ ಅವನು ಚೀಲ ಕೊಡವಿ, ಒಳಮಗ್ಗಲು ತಿರುವಿ, ಬಿಸಿಲಿಗೆ ಹಿಡಿದೇ ಮುಂದಿನ ಮನೆಗೆ ಹೋಗುತ್ತಿದ್ದ. ಇಲ್ಲದಿದ್ದರೆ ಒಬ್ಬರ ಮನೆಯ ಅಳು ಇನ್ನೊಬ್ಬರ ಕೈಗೆ ಅಂಟೀತು.

"ಏನೂ ಇಡಬಾರ್ದು, ಅಮ್ಮಣ್ಣಿ. ಗುಡಿಸಿ, ಒರೆಸಿ, ನಿಮ್ಮದೊಂದು ಕೂದಲೆಳೆನೂ ಉಳೀದಂಗೆ ಮಾಡಿ ಕೊಡ್ಬೇಕು."

ಅಗುಳಿ ಸರಿಯಿತು. ಮನೆಯೆಲ್ಲ ಅಲ್ಲ, ಒಂದೇ ಒಂದು ಕೋಣೆಯ ಕದ ತೆರೆಯಿತು.

"ಕೊಟ್ಟವನು ಇಣುಕಬಾರದು, ಕೊಡುವವಳು ತಾನಾಗಿ ತೆರೆಯಬೇಕು, ಮುಗಿದ ಮೇಲೆ ಗುರುತು ಉಳಿಯಬಾರದು" ಎಂದಳು ತಾರಾಂಬೆ ಒಳಕೋಣೆಯಿಂದಲೇ. "ಈ ಮೂರನ್ನು ಬಲ್ಲವನಿಗೆ ನಾನು ಹೆದರುವುದಿಲ್ಲ."

ಬೊಮ್ಮ ಗಂಟುಗಳನ್ನು ಇಟ್ಟು ಹೊರಬಂದು, ಬೆನ್ನು ತಿರುಗಿಸಿ ನಿಂತ. ಒಳಗೆ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಆಮೇಲೆ ಅಳುವಿನ ನಡುವೆಯೇ ನಗು.

ಜನರ ನಡುವೆ ನಿಂತು ಎಲ್ಲ ನೋಡಿದ್ದ ರಾಜ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಏನು ಬೇಕೋ ಕೇಳು ಮಗಾ."

"ಈ ಮೂವರ ಜೀವ ಬಿಟ್ಟುಕೊಡಿ ಬುದ್ಧಿ. ಮತ್ತೆ ಒಂದು ಒಳ್ಳೆ ಕುದುರೆ. ಆ ತಾಯಿಗೆ ಹೆಚ್ಚು ಹೊತ್ತಿಲ್ಲ."

ಮೂವರನ್ನೂ ಬಿಡಲು ತಾರಾಂಬೆ ಒಳಗಿನಿಂದಲೇ ಒಪ್ಪಿದಳು. ರಾಜ ತನ್ನ ಸ್ವಂತ ಕುದುರೆಯನ್ನು ಕೊಟ್ಟು, ಆ ಕೋಣೆಯ ಸುದ್ದಿಗಾರಿಕೆಯನ್ನು ಬೊಮ್ಮನಿಗೆ ಜೀವನಪೂರ್ತಿ ಬರೆದುಕೊಟ್ಟ. ಬೊಮ್ಮ ನಿಂತು ಕೈಮುಗಿಯಲೂ ಇಲ್ಲ, ಮಗಳು ಕೋಣೆಯಲ್ಲಿ ಇಟ್ಟ ಉತ್ತರ ಎತ್ತಿಕೊಂಡವನೇ ಹಾರಿಹೋದ.

ಜಾಲದಾಚೆಯ ಊರಿನಲ್ಲಿ ಮುದುಕಿ ಆ ಉತ್ತರವನ್ನು ಎದೆಗೆ ಒತ್ತಿಕೊಂಡು, ಅವನನ್ನು ಹತ್ತಿರ ಕೂರಿಸಿಕೊಂಡಳು. "ನನ್ನ ಮಗಳನ್ನ ನೋಡಿದ್ಯೇನಪ್ಪಾ?"

"ಇಲ್ಲ ತಾಯಿ. ಧ್ವನಿ ಕೇಳ್ದೆ."

"ಹೆಂಗಿತ್ತು?"

"ಮೊದ್ಲು ಅಳ್ತಿದ್ರು. ಆಮೇಲೆ ನಗ್ತಿದ್ರು."

"ಇನ್ನೊಂದ್ಸಲ ಹೇಳು" ಎಂದಳು ಮುದುಕಿ. ಅವನು ಹೇಳಿದ. ಅವಳು ಮತ್ತೆ ಕೇಳಿದಳು. ಬೊಮ್ಮ ಬೇಸರವಿಲ್ಲದೆ, ಅವಳು ಗಂಜಿ ಕುಡಿದು ನೆಮ್ಮದಿಯಿಂದ ನಿದ್ದೆಹೋಗುವ ತನಕ ಹೇಳುತ್ತಲೇ ಇದ್ದ.