ಹನ್ನೊಂದು ತುಂಡು ಹಳೆ ಕಬ್ಬಿಣ

"ಕೇಳಿರಪ್ಪೋ ಕೇಳಿ! ದಾಖಲೆಯಿಲ್ಲದ ಗಾಡಿಗಳೆಲ್ಲ ಇಂದಿನಿಂದ ಅರಮನೆಯ ಅಂಗಳಕ್ಕೆ ಸೇರತಕ್ಕದ್ದು. ನನ್ನದು ಎನ್ನುವವನು ಮಹಾರಾಜರ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದರೆ ಒಡೆಯನ ಹೆಸರಿಗೆ ಹಕ್ಕುಪತ್ರ, ಗೆದ್ದವನಿಗೆ ಬಹುಮಾನ. ತಪ್ಪಿದರೆ ತಲೆ!"

ಮಹಾರಾಜ ಗುಮ್ಮಟರಾಯನ ಡಂಗುರದವನು ಇದನ್ನು ಸಾರಿ ಮುಗಿಸುವಷ್ಟರಲ್ಲಿ ಸೈನಿಕರು ಕಮ್ಮಾರ ಮಸಣನ ಕಾರಿಗೆ ಎತ್ತು ಕಟ್ಟಿ ಎಳೆದೊಯ್ದಿದ್ದರು. ಎತ್ತು ಬೇಕೇ ಬೇಕಾಗಿತ್ತು. ಆ ಕಾರು ಮಸಣನ ಹೊರತು ಯಾರ ಕೈಗೂ ಚಾಲೂ ಆಗುತ್ತಿರಲಿಲ್ಲ. ಸೀಟಿನ ಕೆಳಗೊಂದು ಸಡಿಲ ತಂತಿ. ಎಡ ಹಿಮ್ಮಡಿಯಲ್ಲಿ ಅದನ್ನು ಒತ್ತಿ ಹಿಡಿಯಬೇಕು. ಎಷ್ಟು ಸಲ ಬಿಗಿದರೂ ಅದು ಸರಿಹೋಗಿರಲಿಲ್ಲ. ನಾಚಿಕೆಯಿಂದ ಅವನು ಯಾರಿಗೂ ಹೇಳಿರಲೂ ಇಲ್ಲ.

ಗುಮ್ಮಟರಾಯನ ತಂದೆ ದೊಡ್ಡ ಮಹಾರಾಜರು ಕಣಿವೆಗೆ ಉರುಳಿಸಿದ ಕಾರು ಅದು. ಅರಮನೆಯವರು ಬಿಚ್ಚಿ ಗುಜರಿಗೆ ಮಾರಿದ್ದರು. ಮಸಣ ಒಂಬತ್ತು ವರ್ಷ ಕೂತು ಜೋಡಿಸಿದ. ಸೂಲಗಿತ್ತಿ ಹನುಮವ್ವನನ್ನು ಏಳು ಹಳ್ಳಿಗೆ ಹೊತ್ತೊಯ್ಯಲು ಇದ್ದದ್ದು ಅದೊಂದೇ ಗಾಡಿ. ಈಗ ಅವಳು ಎಪ್ಪತ್ತರ ಕಾಲಲ್ಲಿ ನಡೆಯುತ್ತಿದ್ದಳು. ಹೆರಿಗೆಗಳು ಅವಳಿಗಾಗಿ ಕಾಯುತ್ತಿರಲಿಲ್ಲ.

ಅರಮನೆಯ ಕಚೇರಿಯಲ್ಲಿ ಶಾನುಭೋಗ ವೆಂಕಪ್ಪಯ್ಯ ಮಸಣನ ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದರಲ್ಲಿ 'ಹಳೆ ಕಬ್ಬಿಣ, ಹನ್ನೊಂದು ತುಂಡು' ಅಂತಿದೆ."

"ಹೌದು ಬುದ್ಧಿ. ಅದೇ ಇದು."

"ಅಂಗಳದಲ್ಲಿ ನಿಂತಿರೋದು ಕಾರು. ನಿನ್ನ ಕಬ್ಬಿಣ ಎಲ್ಲಿ?"

"ಅದನ್ನೇ ಜೋಡಿಸಿದೆ."

"ಜೋಡಿಸು ಅಂತ ಇದರಲ್ಲಿ ಎಲ್ಲಿ ಬರೆದಿದೆಯಪ್ಪಾ?"

ಮಸಣ ಒಗಟು ಬಿಡಿಸುವ ಅರ್ಜಿಗೆ ಹೆಬ್ಬೆಟ್ಟು ಒತ್ತಿದ. ಅರ್ಜಿ ಹಿಂದಕ್ಕೆ ಪಡೆಯಬೇಕೆಂದರೆ ಬೇರೆ ನಮೂನೆ ತುಂಬಬೇಕಿತ್ತು. ಆ ನಮೂನೆ ಮುಗಿದುಹೋಗಿತ್ತು.

ಅದೇ ಕಾರಿಗೆ ಇನ್ನಿಬ್ಬರು ಒಡೆಯರು ಹುಟ್ಟಿಕೊಂಡಿದ್ದರು. ಇಬ್ಬರೂ ಅದನ್ನು ಮೊದಲು ನೋಡಿದ್ದು ಅದೇ ವಾರ.

ಮೊದಲು ಬಂದವನು ಜವಳಿ ವರ್ತಕ ಸಂಗಪ್ಪ. ರಾಜ ಕೇಳಿದ: "ಚಕ್ರ ಬದಲಾದರೂ ಕಾರು ಅದೇ. ಬಣ್ಣ, ಬಾಗಿಲು, ಎಂಜಿನ್ ಬದಲಾದರೂ ಅದೇ. ಗುಲಗಂಜಿಯಷ್ಟೂ ತೂಕವಿಲ್ಲದ ಒಂದನ್ನು ಅಳಿಸಿದರೆ ಮಾತ್ರ ಅದು ಅದಲ್ಲ. ಏನದು?"

ಸಂಗಪ್ಪ ಪಂಡಿತರೊಬ್ಬರನ್ನು ವಿಚಾರಿಸಿಕೊಂಡು ಬಂದಿದ್ದ. "ಆತ್ಮ, ಪ್ರಭು," ಎಂದು ಕಣ್ಣು ಮುಚ್ಚಿದ. ಮತ್ತೆ ತೆರೆಯಲಿಲ್ಲ.

ಆಮೇಲೆ ದಂಡನಾಯಕನ ಭಾವಮೈದುನ ಬಸವಂತ. ಮೊದಲನೆಯದಕ್ಕೆ ಥಟ್ಟನೆ ಉತ್ತರ ಕೊಟ್ಟ: "ತಳದ ಚೌಕಟ್ಟಿನಲ್ಲಿ, ಚಾಸಿಯ ಮೇಲೆ ಕೊರೆದ ನಂಬರು." ಅಂಥ ನಂಬರುಗಳನ್ನು ಅರದಿಂದ ಉಜ್ಜಿ ಅಳಿಸಿಯೇ ಅವನು ಮನೆ ಕಟ್ಟಿಸಿದ್ದ.

"ಸರಿ. ಎರಡನೆಯದು. ಕದ್ದವನಿಗೆ ಅದು ಗೊತ್ತಿಲ್ಲ, ಕೊಳ್ಳುವವನು ಹುಡುಕುತ್ತಾನೆ, ಒಡೆಯ ಮುಚ್ಚಿಡುತ್ತಾನೆ. ಏನದು?"

"ಬೆಲೆ!" ಎಂದ ಬಸವಂತ. ದಂಡನಾಯಕ ಆಚೆ ಮುಖ ತಿರುಗಿಸಿದ. ಕೊಡಲಿ ಬಿತ್ತು.

ನೆಲ ಒರೆಸಿದ ಮೇಲೆ ಮಸಣನನ್ನು ಕರೆದರು.

ಮೊದಲನೆಯದಕ್ಕೆ ಅವನು ಜೇಬಿನಿಂದ ಒಂದು ಕಾಗದ ತೆಗೆದ. ಚಾಸಿಯ ಮೇಲೆ ಕಾಗದ ಇಟ್ಟು ಇದ್ದಿಲು ಉಜ್ಜಿ ತೆಗೆದ ನಂಬರಿನ ಅಚ್ಚು. ಎರಡನೆಯದಕ್ಕೆ ತಲೆ ತಗ್ಗಿಸಿ, "ಊನ," ಎಂದ.

"ಮೂರನೆಯದು," ಎಂದ ರಾಜ. "ಈ ಕಾರನ್ನು ಕಾರು ಎಂದು ಮಾರಿದವರಿಲ್ಲ, ಕೊಂಡವರಿಲ್ಲ. ಮಾಡಿದವನ ಹೆಸರು ಯಾವ ಕಡತದಲ್ಲೂ ಇಲ್ಲ. ಆದರೂ ಇದಕ್ಕೊಬ್ಬ ಒಡೆಯನಿದ್ದಾನೆ. ಯಾರವನು?"

'ನಾನು' ಎಂಬುದು ನಾಲಗೆಯ ತುದಿಗೆ ಬಂದಿತ್ತು. ಮಸಣ ಕೊಡಲಿಯವನನ್ನು ನೋಡಿದ, ಶಾನುಭೋಗನ ಕೈಯಲ್ಲಿದ್ದ ರಸೀದಿಯನ್ನು ನೋಡಿದ. ತಪ್ಪು ಉತ್ತರಕ್ಕೆ ತಲೆ ಹೋಗುತ್ತದೆ, ಸರಿ ಉತ್ತರಕ್ಕೆ ಕಾರು ಹೋಗುತ್ತದೆ. ಕಾರು ಹೇಗೂ ಹೋಗಿತ್ತು.

"ಯಾರು ಕೇಳ್ತಿದ್ದಾರೋ ಅವರೇ, ಪ್ರಭು."

ಸಭೆ ರಾಜನ ಮುಖ ನೋಡಿ, ಆಮೇಲೆ ಚಪ್ಪಾಳೆ ತಟ್ಟಿತು.

"ಬಿಡಿಸಿ ಹೇಳು," ಎಂದ ರಾಜ ಸಂತೋಷದಿಂದ.

"ಕೊರೆದ ನಂಬರು ಹೋದರೆ ಗಾಡಿಗೆ ಗುರುತೇ ಇಲ್ಲ, ಉಳಿಯೋದು ತಗಡು. ಊನ ಎಲ್ಲಿದೆ ಅಂತ ದಿನಾ ಓಡಿಸೋನಿಗೆ ಮಾತ್ರ ಗೊತ್ತು, ಅವನು ಬಾಯಿ ಬಿಡಲ್ಲ. ಕಾಗದದಲ್ಲಿ ಯಾರದ್ದೂ ಅಲ್ಲದ್ದು ಕಾಗದ ಮಾಡೋರದ್ದು."

ಹಕ್ಕುಪತ್ರ ಅಲ್ಲೇ ತಯಾರಾಯಿತು, ಒಡೆಯ ಗುಮ್ಮಟರಾಯನ ಹೆಸರಿಗೆ. ಮಸಣನಿಗೆ ಒಂದು ಶಾಲು. ಆಗ ಶಾನುಭೋಗ ಕೆಮ್ಮಿದ. "ಪ್ರಭು, ಕಾರು ಇವನದಲ್ಲ ಎಂದಾಯಿತು. ಹಾಗಾದರೆ ಇವನು ಕೊಂಡ ಕಬ್ಬಿಣ ಇನ್ನೂ ಸಂದಿಲ್ಲ. ಹನ್ನೊಂದು ತುಂಡು."

ವೆಂಕಪ್ಪಯ್ಯ ಕ್ರೂರಿಯಲ್ಲ, ದಯಾಳುವೂ ಅಲ್ಲ. ಕಡತ ಸರಿಯಿರಬೇಕು, ಅಷ್ಟೇ. "ಕೊಟ್ಟುಬಿಡಿ," ಎಂದು ರಾಜ ನಕ್ಕ.

ಅರಮನೆಯ ಹಿಂದಿನ ಗುಜರಿ ರಾಶಿಯ ಮುಂದೆ ಮಸಣ ಶಾಲು ಹೊದ್ದು ನಿಂತ. ಮತ್ತೆ ಒಂಬತ್ತು ವರ್ಷ. ಅಷ್ಟರಲ್ಲಿ ಹನುಮವ್ವನಿಗೆ ಎಪ್ಪತ್ತೊಂಬತ್ತು, ಇದ್ದರೆ. ಕಾರಾದ ಮರುದಿನ ಮತ್ತೆ ಡಂಗುರ.

ಅಂಗಳದ ಕಡೆಯಿಂದ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಕೆಮ್ಮಿತು. ಮತ್ತೆ ಸುಮ್ಮನಾಯಿತು. ಶಾನುಭೋಗ ಪಂಚೆ ಎತ್ತಿಕೊಂಡು ಓಡಿ ಬಂದ.

"ಲೋ ಮಸಣ! ಮಹಾರಾಜರು ಒಳಗೆ ಕೂತಿದ್ದಾರೆ, ಗಾಡಿ ಚಾಲೂನೇ ಆಗ್ತಿಲ್ಲ. ಏನೋ ಅದರ ಊನ?"

ಮಸಣ ನಿಧಾನವಾಗಿ ತಿರುಗಿದ.

"ಊನವೇ? ಏನೂ ಇಲ್ಲ ಬುದ್ಧಿ. ಒಳ್ಳೆ ಗಾಡಿ."

ಶಾನುಭೋಗ ಹೋದ ಮೇಲೆ ಮಸಣ ಕೆಳಗೆ ನೋಡಿದರೆ, ತನ್ನ ಕೈಗಳು ಆಗಲೇ ಒಂದು ಚಾಸಿಯ ತುಂಡನ್ನು ಶಾಲಿನಿಂದ ಉಜ್ಜುತ್ತಿದ್ದವು. ತುಕ್ಕಿನಡಿ ನಂಬರು ಕಾಣತೊಡಗಿತ್ತು.